ಯುಗಾದಿ ಪುಟಗಳಲ್ಲಿ ನಮ್ಮ ಗಡಿಗೆಯ ಬೇವಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಮಾರ್ಚ್ 19ರಂದು ಪರಾಭವ ಸಂವತ್ಸರದ ಯುಗಾದಿಗೆಂದು ತಾವು ಹೊರತಂದ ವಿಶೇಷ ಪುಟಗಳನ್ನು ನಮ್ಮ ಮನೆಯಲ್ಲಿ ಎಲ್ಲರೂ ಓದಿದೆವು. ಬರಹಗಳು ಚೆನ್ನಾಗಿದ್ದವು. ಆದರೆ ಲೇಖನದಲ್ಲಿ, ಚಿತ್ರದಲ್ಲಿ, ಅಡುಗೆಯ ಅಂಕಣದಲ್ಲಿ ಕಂಡದ್ದು ಹಳೆಯ ಮೈಸೂರು ಸೀಮೆಯ ಪದ್ಧತಿಯೊಂದೇ: ಬೇವಿನ ಹೂವನ್ನೋ ಚಿಗುರನ್ನೋ ಬೆಲ್ಲದೊಡನೆ ಕೂಡಿಸಿ, ದೇವರ ಮುಂದಿಟ್ಟು, ಚಿಟಿಕೆಯಷ್ಟನ್ನು ಬಾಯಿಗೆ ಹಾಕಿಕೊಳ್ಳುವುದು. ಕಲಬುರಗಿ ಸೀಮೆಯ ಬಹಳಷ್ಟು ಮನೆಗಳಲ್ಲಿ ಯುಗಾದಿಯ ಬೇವನ್ನು ತಿನ್ನುವುದಿಲ್ಲ, ಕುಡಿಯುತ್ತೇವೆ. ಅದೂ ಚಮಚದಲ್ಲಲ್ಲ, ಲೋಟಗಟ್ಟಲೆ. ಈ ಸಂಗತಿ ತಮ್ಮ ಪುಟಗಳಲ್ಲಿ ಒಂದು ಸಾಲಾಗಿಯೂ ಬಾರದಿದ್ದುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರವಾಗಿಯೇ ಹೇಳುವೆ. ಹಬ್ಬಕ್ಕೆ ಮೊದಲೇ ಕುಂಬಾರರಿಂದ ಹೊಸ ಗಡಿಗೆ ತಂದು, ನೀರು ತುಂಬಿಸಿಟ್ಟು, ಮಣ್ಣಿನ ಕಸರು ಹೋಗುವಂತೆ ತೊಳೆದಿಡುತ್ತಾರೆ. ಹಬ್ಬದ ಬೆಳಿಗ್ಗೆ ಬೇವಿನ ಎಲೆ ಹಾಕಿ ಕಾಯಿಸಿದ ನೀರಿನಲ್ಲಿ ಮನೆಮಂದಿಯ ಎಣ್ಣೆಸ್ನಾನ ಮುಗಿಯುವಷ್ಟರಲ್ಲಿ ಹುಣಸೆಹಣ್ಣು ನೆನೆದಿರುತ್ತದೆ. ಅದರ ರಸವನ್ನು ಸೋಸಿ ಗಡಿಗೆಯ ನೀರಿಗೆ ಬಿಟ್ಟು, ಬೆಲ್ಲ ಕರಗಿಸಿ, ಸಣ್ಣಗೆ ಹೆಚ್ಚಿದ ಮಾವಿನಕಾಯಿ, ಪುಟಾಣಿ ಹಿಟ್ಟು, ತುರಿದ ಒಣಕೊಬ್ಬರಿ, ಗಸಗಸೆ, ಚಾರೋಳಿ, ಉತ್ತತ್ತಿ, ಒಣದ್ರಾಕ್ಷಿ, ಗೋಡಂಬಿ, ಬಡೇಸೋಪು, ಏಲಕ್ಕಿ ಸೇರಿಸಿ, ಕೊನೆಗೆ ಬೇವಿನ ಹೂವನ್ನು ಉದುರಿಸುತ್ತಾರೆ. ಕೆಲವು ಮನೆಗಳಲ್ಲಿ ಬಾಳೆಹಣ್ಣೂ ಬೀಳುತ್ತದೆ. ನಮ್ಮಲ್ಲಿ ಹಾಕುವುದಿಲ್ಲ, ಸಂಜೆಯ ಹೊತ್ತಿಗೆ ಅದು ಕಪ್ಪಾಗಿ ಬೇವನ್ನು ಕೆಡಿಸುತ್ತದೆಂಬುದು ನಮ್ಮ ಅತ್ತೆಯವರ ವಾದವಾಗಿತ್ತು. ಇಷ್ಟೆಲ್ಲ ಆದ ಮೇಲೂ ನೈವೇದ್ಯವಾಗುವವರೆಗೆ ಯಾರೂ ರುಚಿ ನೋಡುವಂತಿಲ್ಲ. ಹುಳಿ ಎಷ್ಟು, ಬೆಲ್ಲ ಎಷ್ಟು ಎಂಬುದನ್ನು ಬಣ್ಣ ನೋಡಿ, ಕೈಯಿಂದ ಕದಡಿ ತಿಳಿಯಬೇಕು. ಈ ಅಂದಾಜು ಮನೆಯ ಹಿರಿಯ ಹೆಂಗಸರಲ್ಲಿದೆ, ಬರಹದಲ್ಲಿ ಎಲ್ಲಿಯೂ ಇಲ್ಲ.

ಇದು ಒಬ್ಬರ ಕೈಯಿಂದ ಆಗುವ ಕೆಲಸವೂ ಅಲ್ಲ. ಗಟ್ಟಿ ಉತ್ತತ್ತಿಯನ್ನು ಅಡಕೊತ್ತಿನಲ್ಲಿ ಕತ್ತರಿಸಲು ಗಂಡಸರು ಕೂಡಬೇಕು, ಹೂವಿನ ಗೊಂಚಲಿನಿಂದ ಕಡ್ಡಿ, ಇರುವೆ ಬೇರ್ಪಡಿಸಲು ಮಕ್ಕಳು ಬೇಕು, ಹೂರಣ ರುಬ್ಬುವವರು ಬೇರೆಯೇ ಇರಬೇಕು. ವರ್ಷವಿಡೀ ಅಡುಗೆಮನೆಯ ಹೊಸ್ತಿಲು ದಾಟದ ನಮ್ಮ ಮನೆಯ ಗಂಡಸರು ಆ ಒಂದು ಬೆಳಿಗ್ಗೆ ಅಡಕೊತ್ತು ಹಿಡಿದು ಸುಮ್ಮನೆ ಕೂಡುವುದನ್ನು ನೋಡಿದರೆ ಈ ಪದ್ಧತಿಯನ್ನು ರೂಢಿಗೆ ತಂದವರು ಹೆಂಗಸರೇ ಇರಬೇಕೆಂದು ನನಗನ್ನಿಸುತ್ತದೆ. ಹೋಳಿಗೆ, ಕಟ್ಟಿನ ಸಾರು, ಭಜಿ, ಸಂಡಿಗೆಗಳ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಇಲ್ಲಿ ಬೆಳೆಸುವುದಿಲ್ಲ. ಬೇವು ಕುಡಿಯದೆ ಯಾರಿಗೂ ಎಲೆ ಹಾಕುವುದಿಲ್ಲ ಎಂಬುದನ್ನಷ್ಟೇ ಹೇಳಿದರೆ ಸಾಕು.

ನಮ್ಮ ಭಾಗದಲ್ಲಿ ಇದು ಕುಡಿಯುವ ಪದಾರ್ಥವೇಕಾಯಿತು ಎಂಬುದಕ್ಕೆ ಬಿಸಿಲೇ ಕಾರಣವೆಂದು ನನ್ನ ಊಹೆ. ಯುಗಾದಿಯ ಹೊತ್ತಿಗೆ ಇಲ್ಲಿ ತಾಪಮಾನ 40 ಡಿಗ್ರಿಯ ಹತ್ತಿರಕ್ಕೆ ಬರುತ್ತಿರುತ್ತದೆ. ಹೊಲಮನೆಯ ಆಳಿನ ಲೆಕ್ಕ ಯುಗಾದಿಯಿಂದ ಯುಗಾದಿಗೆ ನಡೆಯುತ್ತಿದ್ದ ಹಳ್ಳಿಗಳಲ್ಲಿ ಹಳೆಯ ಆಳು, ಹೊಸ ಆಳು, ಅವರ ಮಕ್ಕಳೆಲ್ಲ ಅಂದು ಒಡೆಯರ ಮನೆಗೆ ಬರುವವರೇ. ಅಷ್ಟು ಮಂದಿಗೆ ಚಿಟಿಕೆ ಬೇವು-ಬೆಲ್ಲ ಎಲ್ಲಿ ಸಾಲಬೇಕು?

ಪ್ರತಿವರ್ಷದ ಬೇವು ಒಂದೇ ರುಚಿಯದಾಗಿರುವುದಿಲ್ಲ, ಇದಕ್ಕೆ ಪಂಚಾಂಗವೇ ಕಾರಣ. ಚಾಂದ್ರಮಾನ ವರ್ಷವು ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದಾದ್ದರಿಂದ ಹಬ್ಬ ಹಿಂದೆ ಸರಿಯುತ್ತ ಹೋಗಿ, ಅಧಿಕಮಾಸ ಬಂದಾಗ ಮತ್ತೆ ಮುಂದಕ್ಕೆ ಬರುತ್ತದೆ. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಇತ್ತು, 2025ರಲ್ಲಿ ಮಾರ್ಚ್ 30ಕ್ಕೆ ಬಂತು, ಈ ಸಲ ಮಾರ್ಚ್ 19ಕ್ಕೇ ಮುಗಿಯಿತು. ತಡವಾಗಿ ಬಂದ ವರ್ಷ ಬೇವಿನ ಮರ ತುಂಬ ಹೂವಿದ್ದು ಮಾವಿನಕಾಯಿ ಬಲಿತಿರುತ್ತದೆ. ಬೇಗ ಬಂದ ವರ್ಷ ಮೊಗ್ಗಿಗೋ ಚಿಗುರಿಗೋ ತೃಪ್ತಿಪಡಬೇಕು, ಕಾಯಿ ಎಳೆಯದಾಗಿದ್ದರೆ ಹುಣಸೆಯನ್ನು ಹೆಚ್ಚಿಸಬೇಕು. ತಮ್ಮ ಅಡುಗೆ ಅಂಕಣದಲ್ಲಿ ಅಳತೆ ಕೊಡುವವರು ಇದನ್ನೂ ಗಮನಿಸಿದರೆ ಒಳ್ಳೆಯದು.

ನಮ್ಮ ಕಲಬುರಗಿ, ಯಾದಗಿರಿ, ಬೀದರ್ ಮೂರು ಜಿಲ್ಲೆಗಳಲ್ಲೂ ಒಂದೇ ಪದ್ಧತಿ ಇದೆಯೆಂದು ನಾನು ಹೇಳುತ್ತಿಲ್ಲ. ಸೇಡಂ, ಗುರುಮಠಕಲ್ ಕಡೆಯ ತೆಲುಗು ಮಾತಿನ ಮನೆಗಳಲ್ಲಿ ಉಪ್ಪು, ಖಾರವೂ ಸೇರಿ ಷಡ್ರುಚಿಯ ಪಚ್ಚಡಿಯಾಗುತ್ತದೆ. ಭಾಲ್ಕಿ, ಔರಾದ, ಬಸವಕಲ್ಯಾಣದ ಮರಾಠಿ ಮಾತಿನ ಮನೆಗಳ ಮುಂದೆ ಅದೇ ದಿನ ಗುಡಿ, ಅಂದರೆ ಬಟ್ಟೆ ಕಟ್ಟಿ ಸಿಂಗರಿಸಿದ ಕೋಲು, ಏರುತ್ತದೆ. 2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, ಮರುದಿನವೇ ರಂಜಾನ್ ಹಬ್ಬ ಬಂದಿತ್ತು. ಉಪವಾಸವಿದ್ದ ನೆರೆಮನೆಯವರಿಗಾಗಿ ನಮ್ಮ ಓಣಿಯಲ್ಲಿ ಬೇವಿನ ತಂಬಿಗೆಗಳು ಮಧ್ಯಾಹ್ನಕ್ಕೆ ಬದಲು ಸಂಜೆ ಹೊರಟವು, ಮಾರನೆಯ ದಿನ ಅವೇ ತಂಬಿಗೆಗಳಲ್ಲಿ ಸುರಕುಂಬಾ ಪಾಯಸ ಬಂತು. ಇಂಥ ಓಣಿಗಳಿರುವ ಊರಿನ ಹಬ್ಬದ ಬಗ್ಗೆ ಬೇರೆ ಊರಿನಲ್ಲಿ ಕುಳಿತು ಬರೆದ ಲೇಖನವನ್ನೇ ನಮ್ಮ ಆವೃತ್ತಿಯಲ್ಲೂ ಅಚ್ಚು ಹಾಕುವುದು ಸರಿಯೆನಿಸುವುದಿಲ್ಲ.

ಇದರಿಂದ ಆಗುವ ಹಾನಿಯೇನು ಎಂದು ತಾವು ಕೇಳಬಹುದು. ಕೆಲಸದ ನಿಮಿತ್ತ ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ನೆಲೆಸಿದ ನಮ್ಮ ಮಕ್ಕಳು ಹಬ್ಬದ ರೀತಿಯನ್ನು ತಿಳಿಯುವುದು ಈಗ ಪತ್ರಿಕೆ ಮತ್ತು ಮೊಬೈಲಿನಿಂದ. ಅಲ್ಲಿ ಕಂಡದ್ದೇ ಸರಿಯಾದ ಯುಗಾದಿಯೆಂದು ತಿಳಿದು, ಊರಿಗೆ ಬಂದಾಗ ಗಡಿಗೆಯನ್ನು ಕಂಡು ಇದೇನು ಪಾನಕವೆಂದು ಕೇಳುವ ಮೊಮ್ಮಕ್ಕಳು ಹಲವು ಮನೆಗಳಲ್ಲಿದ್ದಾರೆ. ಕೇಳಿದ್ದರಲ್ಲಿ ಅವರ ತಪ್ಪಿಲ್ಲ. ಕಿರಾಣಿ ಅಂಗಡಿಗಳಲ್ಲಿ ಒಣ ಸಾಮಾನನ್ನೆಲ್ಲ ಕೂಡಿಸಿ ಪೊಟ್ಟಣ ಕಟ್ಟಿ ಮಾರುವುದರ ಬಗ್ಗೆಯೂ ನನಗೆ ತಕರಾರಿಲ್ಲ, ಸಣ್ಣ ಕುಟುಂಬಗಳಿಗೆ ಅದರಿಂದ ಅನುಕೂಲವೇ. ಹುಣಸೆ ನೆನೆಸಿ ಗಡಿಗೆಯಲ್ಲಿ ಕದಡುವುದನ್ನು ಮಾತ್ರ ಮನೆಯಲ್ಲಿ ನೋಡದೆ ಕಲಿಯಲಾಗದು, ಮತ್ತು ಅದನ್ನು ಬಲ್ಲವರಿಗೆ ವಯಸ್ಸಾಗುತ್ತಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಯುಗಾದಿ 2027ರ ಏಪ್ರಿಲ್ 7ಕ್ಕೆ ಇದೆ. ಅದಕ್ಕೆ ಒಂದು ತಿಂಗಳ ಮೊದಲೇ ಓದುಗರಿಂದ ಅವರವರ ಮನೆಯ ಬೇವಿನ ವಿಧಾನವನ್ನು, ಊರು ಮತ್ತು ಹೇಳಿದ ಹಿರಿಯರ ಹೆಸರಿನ ಸಹಿತ ತರಿಸಿಕೊಂಡು, ಕಲಬುರಗಿ ಆವೃತ್ತಿಯಲ್ಲಷ್ಟೇ ಅಲ್ಲದೆ ರಾಜ್ಯದ ಎಲ್ಲ ಆವೃತ್ತಿಗಳಲ್ಲಿ ಪ್ರಕಟಿಸಬೇಕು. ಬರೆಯಲು ಬಾರದ ಅಜ್ಜಿಯರ ಮಾತನ್ನು ಬರೆದುಕೊಳ್ಳಲು ತಮ್ಮ ತಾಲ್ಲೂಕು ವರದಿಗಾರರಿಗೆ ಸೂಚಿಸಿದರೆ ಇನ್ನೂ ಉಪಕಾರವಾಗುತ್ತದೆ. ನಮ್ಮ ಅತ್ತೆಯವರ ಅಳತೆಯನ್ನು ನನಗೆ ನೆನಪಿರುವಷ್ಟು ಬರೆದು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಕಲಬುರಗಿ