ಮಾಸ್ತರ ಪತ್ರಕ್ಕ ಲ್ಯಾಮಿನೇಶನ್ ಬ್ಯಾಡ

ಧಾರವಾಡ

ಗೆಳೆಯಾ,

ನಿಮ್ಮ ಡ್ರಾಯಿಂಗ್ ಮಾಸ್ತರ ಹಳೇ ಪತ್ರಗಳನ್ನ ಸುಭಾಸ ರಸ್ತೆಗೆ ಒಯ್ದು ಲ್ಯಾಮಿನೇಶನ್ ಮಾಡಸ್ತೀನಿ ಅಂತ ಬರದಿಯಲ್ಲ, ತಡಿ. ಬಿಸಿಗೆ ಕರಗಿದ ಪ್ಲಾಸ್ಟಿಕ್ ಕಾಗದದ ಎಳಿಯೊಳಗ ಹೊಕ್ಕಿತಂದ್ರ ಬಿಡಿಸಲಿಕ್ಕೆ ಬರೂದಿಲ್ಲ. ಟಾಕಿನ ಗೀರು ಆಮ್ಯಾಲೆ ಬೆರಳಿಗೂ ಹತ್ತೂದಿಲ್ಲ, ಬ್ಯಾಟರಿ ಬೆಳಕು ಅಡ್ಡ ಹಿಡದು ನೋಡಿದ್ರೂ ಕಾಣೂದಿಲ್ಲ.

ಮೊದಲ ಓದಬ್ಯಾಡ, ನೋಡು. ಹಾಳಿ ತಲಿಕೆಳಗ ಇಟ್ಟರ ಅಕ್ಷರ ಅರ್ಥ ಬಿಟ್ಟು ಬರೇ ಗೆರಿ ಆಗತಾವ. ಕೆಳಗ ಎಳಿಯೂವಾಗ ಒತ್ತಡಕ್ಕ ನಿಬ್ಬಿನ ತುದಿ ಎರಡಾಗಿ ಅಗಲಾಗತದ, ಗೆರಿ ದಪ್ಪ ಬರತದ. ಮ್ಯಾಲೆ ಹೋಗೂವಾಗ ಸಣ್ಣಗ. ದುಂಡನ ‘ಠ’ ಒಂದ ಸಾಕು, ಎರಡೂ ಅದರಾಗ ಸಿಗತಾವ. ದೌತಿಯೊಳಗ ಅದ್ದಿದ ಕೂಡಲೆ ಬರದ ಶಬ್ದ ಕಪ್ಪಗ, ಬರಬರತ ತೆಳ್ಳಗ, ಮತ್ತ ಕಪ್ಪಗ. ಹಂಗ ಕಪ್ಪು ಶಬ್ದ ಹುಡುಕಿಕೋತ ಹೋದ್ರ ಕೈ ಎಲ್ಲೆಲ್ಲಿ ಎದ್ದದ ಅನ್ನೂದು ತಿಳೀತದ. ನಡುವ ಚಿತ್ರ ಇದ್ದರ ಸಾಲು ನೋಡು: ಸಾಲು ಚಿತ್ರಕ್ಕ ದಾರಿ ಬಿಟ್ಟು ಸರದಿದ್ರ ಚಿತ್ರ ಮೊದಲು, ಗೆರಿ ಅಕ್ಷರದ ಮ್ಯಾಲೆ ಹಾದಿದ್ರ ಚಿತ್ರ ಆಮ್ಯಾಲೆ.

ಕಲಾವಿದನ ಪತ್ರ ಎಷ್ಟು ಕೆಲಸಕ್ಕ ಬರತದ ಅನ್ನೂದಕ್ಕ ವಿನ್ಸೆಂಟ್ ವ್ಯಾನ್ ಗೋನ್ನ ನೋಡು. 1888ರ ಅಕ್ಟೋಬರಿನ್ಯಾಗ ಫ್ರಾನ್ಸಿನ ಆರ್ಲ್ ಊರಿನಿಂದ ತಮ್ಮ ಥಿಯೋಗ ಬರದ ಪತ್ರದಾಗ ತನ್ನ ಮಲಗೂ ಖೋಲಿ ಗೀಚಿ, ಬಣ್ಣ ಎಲ್ಲಾ ಮಾತಿನ್ಯಾಗ ಹೇಳ್ಯಾನ. ಗ್ವಾಡಿ ತಿಳಿ ನೇರಳಿ, ಹೊದಿಕಿ ಕೆಂಪು, ಮಂಚ-ಕುರ್ಚಿ ಹೊಸ ಬೆಣ್ಣಿ ಹಳದಿ. (ಆಕಳ ಬೆಣ್ಣಿ ಅನ್ಕೋ, ನಮ್ಮ ಎಮ್ಮಿ ಬೆಣ್ಣಿ ಬೆಳ್ಳಗ.) ಆಮ್‌ಸ್ಟರ್‌ಡ್ಯಾಮಿನ ಮ್ಯೂಸಿಯಮ್ಮಿನ್ಯಾಗ ಇರೂ, ಅದ ಖೋಲಿಯ ಪೇಂಟಿಂಗಿನ್ಯಾಗ ಇವತ್ತ ಗ್ವಾಡಿ ನೀಲಿ ಕಾಣತದ. ನೇರಳಿಯೊಳಗಿನ ಕೆಂಪು ಬೆಳಕಿಗೆ ಹಾರಿಹೋಗ್ಯದ. ನೇರಳಿ ಉಳದದ್ದು ಪತ್ರದಾಗ.

ಇನ್ನ ಮಸಿ. ಕಪ್ಪು ಹೋಗಿ ಕಂದು ಆಗಿದ್ರ ಅದು ಬಹುತೇಕ ಕಬ್ಬಿಣದ ಮಸಿ: ಅಳಲೆಕಾಯಿ ಇಲ್ಲಾ ಮಾಚಿಕಾಯಿಯ ಒಗರು, ಅನ್ನಭೇದಿ (ಕಬ್ಬಿಣದ ಉಪ್ಪು), ಗೋಂದು. ಅದರಾಗಿನ ಆಮ್ಲ ಕಾಗದ ತಿಂತದ, ತ್ಯಾವ ತಾಗಿದ್ರ ಇನ್ನೂ ಜೋರು. ಹಿಂದಿನ ಮಗ್ಗಲಿಗೆ ಕಂದು ಗೆರಿ ಮೂಡಿದ್ರ ತಿನ್ನಲಿಕ್ಕೆ ಹತ್ಯದ ಅಂತ ತಿಳಕೊ. ಆ ಹಾಳಿ ಮಡಚಿದ್ರ ಗೆರಿಗುಂಟ ಸೀಳತದ. ಅದಕ್ಕ ನಮ್ಮ ಊರಿನ ಜಿಟಿಜಿಟಿ ಮಳಿಯೊಳಗ ಗಂಟು ಬಿಚ್ಚಲೇಬ್ಯಾಡ. ಒಣ ಹವಾ ಇದ್ದಾಗ, ತೊಳದು ಒರಸಿದ ಕೈಲೆ, ಒಂದೊಂದ ಹಾಳಿ ಬಿಡಿಸಿ, ಆಮ್ಲ ಇಲ್ಲದ ಕಾಗದದ ನಡುವ ಸಪಾಟ ಇಡು. ಟಾಚಣಿ ತಗಿ, ಜಂಗ ಹಿಡಿತದ. ಹರದಲ್ಲಿ ಸೆಲ್ಲೋಟೇಪ್ ಹಚ್ಚಬ್ಯಾಡ, ಅದರ ಅಂಟು ಹಳದಿ ಆಗಿ ಕಾಗದದೊಳಗ ಇಳೀತದ. ನೆಟ್ಟಗ ಮಾಡಾಕ ಅಂತ ನೀರು ಚಿಮುಕಿಸಿ ಇಸ್ತ್ರಿ ಮಾಡೂ ಮಂದಿನೂ ಇದ್ದಾರ. ಅವರ ಕೈಗೆ ಕೊಡಬ್ಯಾಡ.

ಫೋಟೋ ತಗಿಯೂವಾಗ ಫ್ಲ್ಯಾಶ್ ಬಂದ್ ಮಾಡಿ, ಪಕ್ಕದಾಗ ಒಂದು ಫೂಟಪಟ್ಟಿ ಇಟ್ಟು, ಎರಡೂ ಮಗ್ಗಲು ತಗಿ. ಲಕೋಟಿ ಒಗೀಬ್ಯಾಡ, ಪತ್ರದ ಮ್ಯಾಲೆ ತಾರೀಖು ಇರದಿದ್ರ ಅಂಚಿ ಸಿಕ್ಕಾದ ಮ್ಯಾಲೆ ಇದ್ದೀತು.

ನಿನ್ನ ಗೆಳೆಯ