ಸಾಕ್ಷಿ ಇರಬೇಕಲ್ವಾ ಅಕ್ಕ?

ಪ್ರೀತಿಯ ತಂಗಿ,

ನಿನ್ನ ಕಾದಂಬರಿಯ ಹಸ್ತಪ್ರತಿ ಓದಿ ಮುಗಿಸಿದೆ. ಹತ್ತನೇ ಅಧ್ಯಾಯದವರೆಗೂ ಕೆಳಗಿಡಲು ಮನಸ್ಸಾಗಲಿಲ್ಲ. ಮಗನನ್ನು ಮಣ್ಣುಮಾಡಿ ಬಂದ ಆ ತಂದೆ ದೇವರ ಜೊತೆ ಮಾತು ಬಿಟ್ಟಿದ್ದಾನೆ. ಭಾನುವಾರ ಹೆಂಡತಿಯನ್ನು ಚರ್ಚಿನ ಬಾಗಿಲವರೆಗೆ ಬಿಟ್ಟು, ತಾನು ಹೊರಗೇ ನಿಲ್ಲುತ್ತಾನೆ. ಒಳಗಿನ ಹಾಡು ಕಿವಿಗೆ ಬಿದ್ದ ಕೂಡಲೇ ಇನ್ನೂ ಸ್ವಲ್ಪ ದೂರ ಹೋಗುತ್ತಾನೆ. ಅದನ್ನು ಬರೆದ ಕೈ ನಿಜವಾದ ಬರಹಗಾರಳದು.

ಆಮೇಲೆ ಹನ್ನೊಂದನೇ ಅಧ್ಯಾಯ. ಪಾಸ್ಟರ್ ಮನೆಗೆ ಬರುತ್ತಾರೆ, ಎರಡು ಪುಟ ಮಾತಾಡುತ್ತಾರೆ, ಇವನು ಮೊಣಕಾಲೂರುತ್ತಾನೆ, ಎಲ್ಲ ಸರಿಹೋಗುತ್ತದೆ. "ಸಾಕ್ಷಿ ಇರಬೇಕಲ್ವಾ ಅಕ್ಕ?" ಅಂತ ಪತ್ರದಲ್ಲಿ ಕೇಳಿದ್ದೀಯ, ದೇವರು ಬದುಕನ್ನು ಬದಲಿಸಿದ್ದನ್ನು ಹೇಳುವ ಸಾಕ್ಷಿ. ಇರಬೇಕು. ಆದರೆ ಆ ಎರಡು ಪುಟವನ್ನು ನನಗೆ ನಂಬಲು ಆಗಲಿಲ್ಲ. ಆ ತಂದೆಯೂ ನಂಬಿರಲಿಕ್ಕಿಲ್ಲ.

ಬೈಬಲಿನ ಯೋಬನ ಪುಸ್ತಕವನ್ನು ಇನ್ನೊಮ್ಮೆ ಓದು, ಈ ಸಲ ಕಥೆ ಬರೆಯುವವಳ ಕಣ್ಣಿಂದ. ಹತ್ತು ಮಕ್ಕಳನ್ನು ಕಳೆದುಕೊಂಡವನು ಬೂದಿಯಲ್ಲಿ ಕೂತು ದೇವರನ್ನೇ ಕೇಳುತ್ತಾನೆ, ಯಾಕೆ ಅಂತ. ಸ್ನೇಹಿತರು ದೇವರ ಪರವಾಗಿ ವಾದ ಹೂಡುತ್ತಾರೆ. ಅವರ ಎಷ್ಟೋ ಸಾಲುಗಳನ್ನು ಹಾಗೇ ಎತ್ತಿಕೊಂಡು ಚರ್ಚಿನಲ್ಲಿ ಪ್ರಸಂಗ ಮಾಡಬಹುದು, ಅಷ್ಟು ಚೆಂದವಾಗಿವೆ. ಕೊನೆಯ ಅಧ್ಯಾಯದಲ್ಲಿ ದೇವರಿಗೆ ಸಿಟ್ಟು ಬರುವುದು ಆ ಸ್ನೇಹಿತರ ಮೇಲೆ. ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬ, ನೀವು ಮಾತಾಡಲಿಲ್ಲ ಅನ್ನುತ್ತಾನೆ. ಅವರು ಮಾಡಿದ ಒಳ್ಳೆಯ ಕೆಲಸ ಒಂದಿತ್ತು. ಬಂದ ಹೊಸದರಲ್ಲಿ ಏಳು ದಿನ, ಏಳು ರಾತ್ರಿ, ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ನಿನ್ನ ಪಾಸ್ಟರ್‌ಗೂ ಸುಮ್ನೆ ಕೂತುಕೊಳ್ಳಲು ಅಷ್ಟು ಹೊತ್ತು ಕೊಡು.

ಇನ್ನು ಮುಕ್ತಾಯದ ವಿಷಯ. ಎಲ್ಲ ಗಂಟನ್ನೂ ಬಿಚ್ಚಿಯೇ ಮುಗಿಸಬೇಕು ಅಂತ ನಮಗೆ ಯಾರು ಹೇಳಿಕೊಟ್ಟರೋ, ಸತ್ಯವೇದವಂತೂ ಹೇಳಿಕೊಟ್ಟಿಲ್ಲ. ಯೋನನ ಪುಸ್ತಕ ದೇವರ ಒಂದು ಪ್ರಶ್ನೆಯೊಂದಿಗೆ ನಿಂತುಬಿಡುತ್ತದೆ. ಯೋನ ಏನು ಉತ್ತರ ಕೊಟ್ಟ, ಗೊತ್ತಿಲ್ಲ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ದೇವರಿಗೆ ಮಾಡಿದ ಪ್ರಾರ್ಥನೆಯೇ. ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ತಪ್ಪಿಹೋದ ಮಗ ಮನೆಗೆ ಬಂದಿದ್ದಾನೆ, ಒಳಗೆ ಹಾಡು, ಕುಣಿತ. ದೊಡ್ಡ ಮಗ ಮುನಿಸಿಕೊಂಡು ಹೊರಗೆ ನಿಂತಿದ್ದಾನೆ. ತಂದೆಯೇ ಹೊರಗೆ ಬಂದು ಕರೆಯುತ್ತಾನೆ. ಅವನು ಒಳಗೆ ಹೋದನಾ? ಯೇಸು ಹೇಳುವುದಿಲ್ಲ. ಆ ಪ್ರಶ್ನೆ ಕೇಳುತ್ತಿದ್ದವರ ಪಾಲಿಗೇ ಉಳಿಯಿತು. ನಿನ್ನ ನಾಯಕನನ್ನೂ ಅಲ್ಲೇ ನಿಲ್ಲಿಸು. ಅವನನ್ನು ಒಳಗೆ ತಳ್ಳಬೇಡ. ಯಾರಾದರೂ ಹೊರಗೆ ಬರಲಿ, ಹೆಂಡತಿ ಬಂದರೂ ಸಾಕು.

ಇನ್ನೊಬ್ಬನ ಹೆಂಡತಿಯನ್ನು ತನ್ನವಳಾಗಿಸಿಕೊಂಡ ರಾಜ ದಾವೀದನ ಮುಂದೆ ಪ್ರವಾದಿ ನಾತಾನ ಹೇಳಿದ ಕಥೆಯನ್ನೂ ನಿಧಾನವಾಗಿ ಓದು. ಬಡವನಿಗೆ ಇದ್ದದ್ದು ಒಂದೇ ಕುರಿಮರಿ. ಅದು ಅವನ ತುತ್ತಿನಲ್ಲಿ ತಿನ್ನುತ್ತಿತ್ತು, ಅವನ ಪಾತ್ರೆಯಲ್ಲೇ ಕುಡಿಯುತ್ತಿತ್ತು, ಮಗಳ ಹಾಗೆ ಮಡಿಲಲ್ಲಿ ಮಲಗುತ್ತಿತ್ತು. ಅದನ್ನೇ ಒಬ್ಬ ಸಿರಿವಂತ ಕಿತ್ತುಕೊಂಡು ಅಡಿಗೆ ಮಾಡಿಸಿದ. ಪಾಪ ಅನ್ನುವ ಪದ ಆ ಕಥೆಯಲ್ಲಿ ಇಲ್ಲವೇ ಇಲ್ಲ. ರಾಜನ ರಕ್ತ ಕುದಿಯುವುದು ಆ ಪಾತ್ರೆ, ಆ ಮಡಿಲಿನಿಂದ. "ಆ ಮನುಷ್ಯ ನೀನೇ" ಅನ್ನುವ ಮಾತು ಆಮೇಲೆ ಬರುತ್ತದೆ. ಬರೆಯಲು ಕೂತಾಗ ನಾನು ಮೊದಲು ಆ ಪಾತ್ರೆಯನ್ನು ಹುಡುಕುತ್ತೇನೆ.

ಕ್ರೈಸ್ತ ಪುಸ್ತಕಗಳನ್ನು ಮಾತ್ರ ಓದಬೇಡ. ನಂಬಿಕೆ ಇಲ್ಲದವರನ್ನು ಓದು, ಅವರ ಸಿಟ್ಟನ್ನು ಪೂರ್ತಿಯಾಗಿ ಕೇಳಿಸಿಕೊ. ರಷ್ಯಾದ ಕಾದಂಬರಿಕಾರ ದಾಸ್ತೊವಸ್ಕಿ ಸೈಬೀರಿಯಾದ ಸೆರೆಮನೆಗೆ ಹೋಗುವ ದಾರಿಯಲ್ಲಿ, 1850ರಲ್ಲಿ, ಕೆಲವು ಹೆಂಗಸರು ಅವರ ಕೈಗೆ ಬೈಬಲಿನ ಹೊಸ ಒಡಂಬಡಿಕೆ ಕೊಟ್ಟರು. 1881ರಲ್ಲಿ ತೀರಿಕೊಳ್ಳುವವರೆಗೂ ಅದು ಅವರ ಹತ್ತಿರವೇ ಇತ್ತು. ಅಂಥವರು ತಮ್ಮ ಕೊನೆಯ ಕಾದಂಬರಿಯಲ್ಲಿ ದೇವರ ವಿರುದ್ಧದ ಅತಿ ಬಲವಾದ ಮಾತನ್ನು ಇವಾನ್ ಅನ್ನುವ ಪಾತ್ರದ ಬಾಯಲ್ಲಿ ಇಟ್ಟರು. ಮಕ್ಕಳು ಪಡುವ ನೋವಿಗೆ ಉತ್ತರ ಏನು ಅಂತ ಅವನು ಕೇಳುತ್ತಾನೆ. ಅದಕ್ಕೂ ಮೊದಲು, 1878ರಲ್ಲಿ, ಮೂರು ತುಂಬದ ಅವರದೇ ಮಗ ಅಲ್ಯೋಶ ತೀರಿಕೊಂಡಿದ್ದ. ಮುಂದಿನ ಭಾಗದಲ್ಲಿ ತಾವು ಕೊಡುವ ಉತ್ತರ ಸಾಕಾಗುತ್ತದೋ ಇಲ್ಲವೋ ಅನ್ನುವ ಆತಂಕ ಅವರಿಗಿತ್ತು, ಪತ್ರದಲ್ಲಿ ಬರೆದುಕೊಂಡಿದ್ದಾರೆ. ಆ ಆತಂಕ ನಿನಗೂ ಇರಲಿ. ನಿನ್ನ ಕಥೆಯ ತಂದೆಯ ಪ್ರಶ್ನೆಗಳನ್ನು ಉತ್ತರಕ್ಕೆ ಹೊಂದುವ ಹಾಗೆ ಕತ್ತರಿಸಬೇಡ.

ದಿನದ ಕೆಲಸದ ಬಗ್ಗೆ ಕೇಳಿದ್ದೀಯ. ಬೆಳಿಗ್ಗೆ ಬರೆ. ಅಮೆರಿಕದ ಕಥೆಗಾರ್ತಿ ಫ್ಲಾನರಿ ಓಕಾನರ್ ಲೂಪಸ್ ಕಾಯಿಲೆಯಲ್ಲೂ ಬೆಳಗಿನ ಹೊತ್ತನ್ನು ಬರವಣಿಗೆಗೆ ಮೀಸಲಿಟ್ಟಿದ್ದರು, 1964ರಲ್ಲಿ 39ನೇ ವಯಸ್ಸಿಗೇ ಹೋಗಿಬಿಟ್ಟರು. ನಾನು ಪ್ರಾರ್ಥನೆ ಮುಗಿಸಿ ನೇರ ಮೇಜಿಗೆ ಬರುತ್ತೇನೆ, ಫೋನು ಇನ್ನೊಂದು ಕೋಣೆಯಲ್ಲಿರುತ್ತದೆ. ಭಾನುವಾರ ಬರೆಯುವುದಿಲ್ಲ. ಚರ್ಚಿನಲ್ಲಿ ನಿನ್ನನ್ನು ಎಲ್ಲ ಕೆಲಸಕ್ಕೂ ಕರೆಯುತ್ತಾರೆ, ಬರೆಯುವವಳು ಮನೆಯಲ್ಲಿ ಸುಮ್ನೆ ಕೂತಿರುತ್ತಾಳೆ ಅಂತ. ಒಂದು ಕೆಲಸ ಒಪ್ಪಿಕೊ, ಮಕ್ಕಳಿಗೆ ಕಲಿಸುವುದೋ, ಕಾಯಿಲೆಯವರನ್ನು ನೋಡಿಬರುವುದೋ. ಮಿಕ್ಕಿದ್ದಕ್ಕೆ ಆಗಲ್ಲ ಅಂತ ಪ್ರೀತಿಯಿಂದಲೇ ಹೇಳು.

ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ನಾಲ್ಕನೇ ಅಧ್ಯಾಯದಲ್ಲಿ ಗಂಡನ ಸಾಲವನ್ನು ಮುಚ್ಚಿಡುವ ಹೆಂಗಸು ಬರುತ್ತಾಳಲ್ಲ, ಬಳೆಗಳ ಸಮೇತ ಅಷ್ಟು ಸ್ಪಷ್ಟವಾಗಿ? ಅವಳನ್ನು ನೀನು ಕಲ್ಪಿಸಿಕೊಂಡಿದ್ದರೆ ಸಂತೋಷ. ಪ್ರಾರ್ಥನಾ ಕೂಟದಲ್ಲಿ ಕಣ್ಣೀರಿಟ್ಟು ಯಾರೋ ಹೇಳಿಕೊಂಡಿದ್ದಾದರೆ, ಅವರು ಅದನ್ನು ಹೇಳಿದ್ದು ದೇವರಿಗೆ, ನೀನು ಪಕ್ಕದಲ್ಲಿದ್ದೆ ಅಷ್ಟೇ. ಹೆಸರು ಬದಲಿಸಿದರೆ ಸಾಲದು. ಅವರು ಪುಸ್ತಕ ತೆರೆದ ಕೂಡಲೇ ತಮ್ಮನ್ನು ಗುರುತಿಸಿಕೊಳ್ಳುತ್ತಾರೆ, ಮುಂದೆ ಯಾವ ಕೂಟದಲ್ಲೂ ಬಾಯಿ ಬಿಡುವುದಿಲ್ಲ. ಹೋಗಿ ಅವರನ್ನು ಕೇಳು. ಬೇಡ ಅಂದರೆ ಆ ಅಧ್ಯಾಯ ತೆಗೆದುಬಿಡು. ಕಥೆಯಲ್ಲಿ ಬಿರುಕು ಬಿದ್ದರೆ ನನಗೆ ಕಳಿಸು, ಇಬ್ಬರೂ ಕೂತು ನೋಡೋಣ.

ಪ್ರೀತಿಯಿಂದ,
ನಿನ್ನ ಅಕ್ಕ