ಪ್ರವಾಸದ ಪುಟದಲ್ಲಿ ಪುಟ್ಟ ಮಕ್ಕಳಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ರಜೆಯ ದಿನಗಳು ಹತ್ತಿರವಾಗುತ್ತಿದ್ದಂತೆ ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಮಹಾನಗರಗಳ ಕುರಿತ ಲೇಖನಗಳು ಒಂದರ ಹಿಂದೊಂದರಂತೆ ಬರತೊಡಗುತ್ತವೆ. ಬೆಳಿಗ್ಗೆ ವಸ್ತುಸಂಗ್ರಹಾಲಯ, ಮಧ್ಯಾಹ್ನ ಅರಮನೆ, ಸಂಜೆ ನದಿತೀರ, ರಾತ್ರಿ ದೀಪಗಳ ಬೀದಿ ಎಂದು ದಿನವನ್ನು ಗಂಟೆಗಳ ಲೆಕ್ಕದಲ್ಲಿ ಹಂಚಿಕೊಡುವ ಈ ಬರಹಗಳನ್ನು ಓದುವಾಗ, ಇವು ದಣಿವರಿಯದೆ ಮೈಲುಗಟ್ಟಲೆ ನಡೆಯಬಲ್ಲ, ಸಿಕ್ಕಲ್ಲಿ ಉಂಡು, ಸರದಿಯಲ್ಲಿ ಸಮಾಧಾನದಿಂದ ನಿಲ್ಲಬಲ್ಲ ಆರೋಗ್ಯವಂತ ವಯಸ್ಕರಿಗಷ್ಟೇ ಬರೆದವು ಎಂಬುದು ತಿಳಿಯುತ್ತದೆ. ಎರಡು ವರ್ಷದ ಮಗುವಿರುವ ಕುಟುಂಬಕ್ಕೆ ಅಲ್ಲಿ ಸಿಗುವುದು ಒಂದೇ ಸಾಲು: ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಹೋಗುವುದು ಒಳಿತು. ಆ ಸಾಲಿಗೆ ನನ್ನ ಆಕ್ಷೇಪವಿದೆ.

ಮೊದಲನೆಯದಾಗಿ, ದೊಡ್ಡ ನಗರಕ್ಕೆ ಹೋಗುವವರೆಲ್ಲರೂ ನೋಡುವ ಆಸೆಯಿಂದಲೇ ಹೋಗುವುದಿಲ್ಲ. ತಜ್ಞ ವೈದ್ಯರನ್ನು ಕಾಣಬೇಕಾದವರು, ಹತ್ತಿರದವರ ಮದುವೆಗೆ ಹೊರಟವರು, ಕೆಲಸದ ಸಂದರ್ಶನಕ್ಕೆ ಮಗುವನ್ನೂ ಎತ್ತಿಕೊಂಡೇ ಬಂದ ತಂದೆತಾಯಿ ಇದ್ದಾರೆ. ಅವರಿಗೆ ಮುಂದೂಡುವ ಆಯ್ಕೆಯೇ ಇರುವುದಿಲ್ಲ. ಎರಡನೆಯದಾಗಿ, ‘ಅದಕ್ಕೇನು ನೆನಪಿರುತ್ತದೆ’ ಎಂಬ ವಾದ. ಮೂರು ವರ್ಷಕ್ಕೆ ಮೊದಲಿನ ಘಟನೆಗಳು ದೊಡ್ಡವರಾದ ಮೇಲೆ ಬಹುತೇಕ ಯಾರಿಗೂ ನೆನಪಿರುವುದಿಲ್ಲ ಎಂಬುದು ನಿಜ. ಮನೋವಿಜ್ಞಾನದಲ್ಲಿ ಇದು ಬಹುಕಾಲದಿಂದ ಚರ್ಚೆಯಾಗುತ್ತಿರುವ ಸಂಗತಿ. ಆದರೆ ನೆನಪಿರುವುದಿಲ್ಲ ಎಂಬ ಕಾರಣಕ್ಕೆ ನಾವು ಮಗುವಿಗೆ ಲಾಲಿ ಹಾಡುವುದನ್ನು ಬಿಟ್ಟಿಲ್ಲ. ಆ ವಯಸ್ಸಿನ ಅನುಭವಕ್ಕೆ ಆ ಹೊತ್ತಿನದೇ ಬೆಲೆಯಿದೆ.

ಹಾಗಾದರೆ ತೊಡಕು ಎಲ್ಲಿದೆ? ಮಗುವಿನ ವಯಸ್ಸಿನಲ್ಲಿ ಅಲ್ಲ, ನಾವು ಕೈಯಲ್ಲಿ ಹಿಡಿದುಕೊಂಡ ಪಟ್ಟಿಯಲ್ಲಿ ಮತ್ತು ನಗರವನ್ನು ಕಟ್ಟಿರುವ ರೀತಿಯಲ್ಲಿ. ನೆದರ್ಲೆಂಡ್ಸ್‌ನ ಬರ್ನಾರ್ಡ್ ವಾನ್ ಲೀರ್ ಪ್ರತಿಷ್ಠಾನವು ‘ಅರ್ಬನ್ 95’ ಎಂಬ ಹೆಸರಿನ ಕಾರ್ಯಕ್ರಮವೊಂದನ್ನು ಆರಂಭಿಸಿತು. 95 ಎಂದರೆ 95 ಸೆಂಟಿಮೀಟರ್, ಆರೋಗ್ಯವಂತ ಮೂರು ವರ್ಷದ ಮಗುವಿನ ಸರಾಸರಿ ಎತ್ತರ. ನಗರವನ್ನು ಈ ಎತ್ತರದಿಂದ ನೋಡಿದರೆ ಏನನ್ನು ಬದಲಿಸುತ್ತೀರಿ ಎಂಬುದೇ ನಗರಾಡಳಿತಗಳಿಗೆ ಅದು ಕೇಳುವ ಪ್ರಶ್ನೆ. ನಮ್ಮ ಸೊಂಟದ ಮಟ್ಟಕ್ಕೆ ಬಗ್ಗಿ ಒಂದು ಜನನಿಬಿಡ ಬೀದಿಯನ್ನು ನೋಡಿದರೆ ಉತ್ತರ ತಾನಾಗಿ ಹೊಳೆಯುತ್ತದೆ. ಗೋಪುರ, ಕಮಾನು, ಫಲಕ ಯಾವುದೂ ಅಲ್ಲಿಂದ ಕಾಣುವುದಿಲ್ಲ. ಕಾಣುವುದು ಕಾಲುಗಳು, ತೂಗಾಡುವ ಚೀಲಗಳು, ಯಾರದೋ ಕೈಯಲ್ಲಿ ಉರಿಯುತ್ತಿರುವ ಸಿಗರೇಟಿನ ತುದಿ, ನಿಂತ ವಾಹನಗಳ ಹೊಗೆಕೊಳವೆ. ನಾವು ಉಸಿರಾಡುವುದಕ್ಕಿಂತ ಕೆಳಗಿನ, ಹೊಗೆಗೆ ಇನ್ನೂ ಹತ್ತಿರದ ಗಾಳಿಯನ್ನು ಮಗು ಉಸಿರಾಡುತ್ತಿರುತ್ತದೆ. ಇಂಥ ಬೀದಿಯಲ್ಲಿ ಮಗು ರಚ್ಚೆ ಹಿಡಿದರೆ ಅದನ್ನು ಹಟಮಾರಿತನ ಎನ್ನುವುದು ಅನ್ಯಾಯ.

ಅದೇ ಮಗುವಿಗೆ ನಗರದಲ್ಲಿ ಹಿಡಿಸುವ ಸಂಗತಿಗಳೇನೂ ಕಡಿಮೆಯಿಲ್ಲ, ನಾವು ದುಡ್ಡು ಕೊಟ್ಟು ತೋರಿಸಲು ಹೊರಟಿದ್ದು ಅವುಗಳಲ್ಲಿ ಇರುವುದಿಲ್ಲ, ಅಷ್ಟೆ. ಒಂದು ಪ್ರಸಿದ್ಧ ಕಟ್ಟಡದ ಎದುರು, ಎಲ್ಲರೂ ಕತ್ತೆತ್ತಿ ಫೋಟೊ ತೆಗೆಯುತ್ತಿದ್ದ ಹೊತ್ತಿನಲ್ಲಿ, ನಮ್ಮ ಮಗು ಚರಂಡಿಯ ಕಬ್ಬಿಣದ ಜಾಲರಿಯ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು, ಸಂದಿಯೊಳಗೆ ಒಂದೊಂದೇ ಕಲ್ಲುಚೂರನ್ನು ಹಾಕಿ ಕೆಳಗೆ ನೀರಿನಲ್ಲಿ ‘ಬುಳುಕ್’ ಎನ್ನುವ ಸದ್ದಿಗೆ ಕಿವಿಗೊಡುತ್ತಿತ್ತು. ಸದ್ದು ಕೇಳಿಸಿದ ಮೇಲೆ ನಮ್ಮ ಮುಖ ನೋಡುವುದು, ಇನ್ನೊಂದು ಕಲ್ಲು ಹುಡುಕುವುದು. ಹೀಗೆ ಅರ್ಧ ಗಂಟೆ ಕಳೆಯಿತು. ತಾನಾಗಿ ತೆರೆದುಕೊಳ್ಳುವ ಗಾಜಿನ ಬಾಗಿಲು, ಕಟ್ಟಡದ ಪಾಯ ತೋಡುತ್ತಿರುವ ಯಂತ್ರ, ಪಾರಿವಾಳಗಳ ಹಿಂಡು, ಮೆಟ್ರೊ ಬರುವ ಮೊದಲು ಸುರಂಗದಿಂದ ನುಗ್ಗುವ ಗಾಳಿ, ಎರಡು ವರ್ಷದವರಿಗೆ ಮಹಾನಗರ ಎಂದರೆ ಇವೇ. ಇವಕ್ಕೆಲ್ಲ ಟಿಕೆಟ್ ಇಲ್ಲ, ಸಮಯ ಮಾತ್ರ ಬೇಕು.

ಸಮಯದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಪಟ್ಟಿ ಕೆಡುವುದು ಇಲ್ಲಿಯೇ. ಐದು ವರ್ಷದೊಳಗಿನ ಮಕ್ಕಳ ಚಟುವಟಿಕೆ ಮತ್ತು ನಿದ್ದೆಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮಾರ್ಗಸೂಚಿಯೊಂದನ್ನು ಹೊರಡಿಸಿತು. ಅದರ ಪ್ರಕಾರ ಒಂದರಿಂದ ಎರಡು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿದಂತೆ ದಿನಕ್ಕೆ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಅಲ್ಲದೆ ಮಗುವನ್ನು ಕೂರಿಸಿ ತಳ್ಳುವ ಸ್ಟ್ರಾಲರ್ ಗಾಡಿಯಲ್ಲಾಗಲಿ ಕುರ್ಚಿಯಲ್ಲಾಗಲಿ ಅವರನ್ನು ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಾಲ ಕಟ್ಟಿ ಕೂರಿಸಬಾರದು. ನಿದ್ದೆ, ಊಟ, ಸ್ನಾನ, ಬಟ್ಟೆ ಬದಲಿಸುವುದು, ಇವೆಲ್ಲವನ್ನೂ ಕಳೆದರೆ ದಿನದಲ್ಲಿ ತಿರುಗಾಟಕ್ಕೆ ಉಳಿಯುವುದು ಬೆಳಿಗ್ಗೆ ಒಂದು ತುಂಡು, ಸಂಜೆ ಒಂದು ತುಂಡು. ಆದ್ದರಿಂದ ದಿನಕ್ಕೆ ಒಂದೇ ಜಾಗ ಎಂದು ಇಟ್ಟುಕೊಳ್ಳುವುದು ಸೋಮಾರಿತನವಲ್ಲ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿದ್ದು, ಜನಜಂಗುಳಿ ಸೇರುವ ಮೊದಲೇ ಹೊರಬಂದು, ಮಧ್ಯಾಹ್ನ ಕೋಣೆಗೆ ಮರಳಿ ಮಗುವನ್ನು ಮಲಗಿಸುವುದು ಒಳ್ಳೆಯ ಕ್ರಮ. ಇದಕ್ಕಾಗಿಯೇ ಉಳಿದುಕೊಳ್ಳುವ ಜಾಗ ದೊಡ್ಡದಾಗಿರುವುದಕ್ಕಿಂತ, ಹೋಗಬೇಕಾದ ಕಡೆಗೆ ಹತ್ತಿರವಾಗಿರುವುದು ಮುಖ್ಯ. ಹೊಸ ಕೋಣೆಯನ್ನು ಹೊಕ್ಕ ಕೂಡಲೇ ಕಿಟಕಿಯ ಚಿಲಕ, ಬಾಲ್ಕನಿಯ ಸರಳುಗಳ ಸಂದಿ, ಕೆಳಗೆ ಜೋತುಬಿದ್ದ ವಿದ್ಯುತ್ ಕೆಟಲ್ಲಿನ ತಂತಿ, ಪರದೆಯ ಹಗ್ಗ ಇವನ್ನು ಒಮ್ಮೆ ನೋಡಿಕೊಂಡು ಆಮೇಲೆ ಸಾಮಾನು ಬಿಚ್ಚಬೇಕು ಎಂಬುದನ್ನೂ ಇಲ್ಲೇ ಸೇರಿಸುತ್ತೇನೆ.

ಇನ್ನು ನಗರವನ್ನು ಕಟ್ಟಿದವರ ಪಾಲು. ಲಂಡನ್ನಿನ ಸುರಂಗ ರೈಲು 1863ರಲ್ಲಿ, ಪ್ಯಾರಿಸ್ಸಿನ ಮೆಟ್ರೊ 1900ರಲ್ಲಿ, ನ್ಯೂಯಾರ್ಕಿನ ಸಬ್‌ವೇ 1904ರಲ್ಲಿ ಆರಂಭವಾದವು. ಗಾಲಿಕುರ್ಚಿಯಾಗಲಿ ಸ್ಟ್ರಾಲರಾಗಲಿ ಅಂದಿನ ನಕ್ಷೆಗಳಲ್ಲಿ ಇರಲಿಲ್ಲ. ಇಂದಿಗೂ ಆ ಮೂರೂ ನಗರಗಳ ಹಳೆಯ ನಿಲ್ದಾಣಗಳಲ್ಲಿ ಹಲವೆಡೆ ಮೆಟ್ಟಿಲೇ ಗತಿ. ನ್ಯೂಯಾರ್ಕಿನಲ್ಲಿ ಅಂಗವಿಕಲರ ಪರ ಸಂಘಟನೆಗಳು ನ್ಯಾಯಾಲಯದ ಮೆಟ್ಟಿಲೇರಿದ ನಂತರ, ಮೆಟ್ಟಿಲೇ ಗತಿಯಾಗಿದ್ದ ನಿಲ್ದಾಣಗಳಲ್ಲಿ ಶೇಕಡ 95ರಷ್ಟಕ್ಕೆ 2055ರೊಳಗೆ ಮೆಟ್ಟಿಲಿಲ್ಲದ ದಾರಿ ಕಲ್ಪಿಸುವುದಾಗಿ 2022ರಲ್ಲಿ ಒಪ್ಪಂದವಾಯಿತು. ಒಪ್ಪಂದವಾದಾಗ ಸ್ಟ್ರಾಲರಿನಲ್ಲಿದ್ದ ಮಗು 2055ರ ಹೊತ್ತಿಗೆ ಮೂವತ್ತು ದಾಟಿರುತ್ತದೆ! 2002ರಲ್ಲಿ ಆರಂಭವಾದ ಕೋಪನ್‌ಹೇಗನ್ ಮೆಟ್ರೊದಂಥ ಹೊಸ ವ್ಯವಸ್ಥೆಗಳಲ್ಲಿ ಲಿಫ್ಟ್ ಮೊದಲಿನಿಂದಲೇ ಇದೆ. ಅಲ್ಲಿ ಮಗುವಿನೊಂದಿಗೆ ಓಡಾಡುವವರಿಗೆ ಆಗುವ ಸಮಾಧಾನ ಹಳೆಯ ನಿಲ್ದಾಣಗಳಲ್ಲಿ ಏಕಿಲ್ಲ ಎಂದರೆ ಉತ್ತರ ಇಷ್ಟೇ, ಮೊದಲೇ ಯೋಚಿಸಿದರೆ ಅಗ್ಗ, ಆಮೇಲೆ ಅಗೆದು ಹಾಕುವುದು ದುಬಾರಿ.

ಲಿಫ್ಟ್ ಇದ್ದರೂ ಸಾಲದು, ಅದು ನಡೆಯುತ್ತಿರಬೇಕು. ಒಂದು ನಿಲ್ದಾಣದಲ್ಲಿ ‘ಕೆಟ್ಟಿದೆ’ ಎಂಬ ಕಾಗದ ಅಂಟಿಸಿದ್ದ ಲಿಫ್ಟಿನ ಮುಂದೆ ನಾವು ನಿಂತಿದ್ದಾಗ ಊರುಗೋಲಿನ ವೃದ್ಧರೊಬ್ಬರು, ದೊಡ್ಡ ಪೆಟ್ಟಿಗೆಯ ಯುವತಿಯೊಬ್ಬಳು ಬಂದು ನಮ್ಮ ಹಾಗೆಯೇ ಕಾಗದ ಓದಿ ನಿಂತರು. ಕಾಗದದ ಅಂಚು ಹಳದಿಗಟ್ಟಿ ಸುರುಳಿಯಾಗಿತ್ತು. ಅದು ನಿನ್ನೆ ಮೊನ್ನೆ ಅಂಟಿಸಿದ್ದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಇಂಥ ಕಡೆ ಬೇಸತ್ತ ತಂದೆತಾಯಿ ಮಗು ಕುಳಿತ ಸ್ಟ್ರಾಲರನ್ನೇ ಎಸ್ಕಲೇಟರಿಗೆ ಹತ್ತಿಸುವುದನ್ನು ಎಲ್ಲೆಡೆ ಕಾಣುತ್ತೇವೆ. ದಯವಿಟ್ಟು ಹಾಗೆ ಮಾಡಬಾರದು. ಮಗುವನ್ನು ಎತ್ತಿಕೊಂಡು, ಸ್ಟ್ರಾಲರನ್ನು ಮಡಚಿ ಹತ್ತಬೇಕು. ಮಗು ನಿಂತೇ ಹತ್ತುವುದಾದರೆ ಕೈ ಹಿಡಿದು ಮೆಟ್ಟಿಲಿನ ನಡುಭಾಗದಲ್ಲಿ ನಿಲ್ಲಿಸಬೇಕು, ಪಕ್ಕದ ಗೋಡೆಗೆ ಕಾಲು ತಾಗಬಾರದು. ಮೆತ್ತನೆಯ ರಬ್ಬರಿನಂಥ ಚಪ್ಪಲಿಗಳು ಎಸ್ಕಲೇಟರಿನ ಅಂಚಿಗೆ ಸಿಕ್ಕಿಕೊಂಡು ಪುಟ್ಟ ಪಾದಗಳಿಗೆ ಗಾಯವಾದ ಪ್ರಕರಣಗಳ ಕಾರಣದಿಂದ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2008ರಲ್ಲೇ ಎಚ್ಚರಿಕೆ ನೀಡಿತ್ತು.

ಬಸ್ಸುಗಳಲ್ಲಿ ಗಾಲಿಕುರ್ಚಿಗೂ ಸ್ಟ್ರಾಲರಿಗೂ ಸೇರಿ ಇರುವುದು ಸಾಮಾನ್ಯವಾಗಿ ಒಂದೇ ಜಾಗ. ಈ ಜಾಗಕ್ಕಾಗಿ ಉಂಟಾದ ತಕರಾರು ಬ್ರಿಟನ್ನಿನಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಗಾಲಿಕುರ್ಚಿಯವರಿಗೆ ಜಾಗ ಬಿಡುವಂತೆ ಚಾಲಕ ಒಮ್ಮೆ ಕೇಳಿ ಸುಮ್ಮನಾದರೆ ಸಾಲದು, ಇನ್ನೂ ಪ್ರಯತ್ನ ಮಾಡಬೇಕು ಎಂದು 2017ರಲ್ಲಿ ನ್ಯಾಯಾಲಯ ಹೇಳಿತು. ಸ್ಟ್ರಾಲರನ್ನು ಮಡಚಬಹುದು, ಗಾಲಿಕುರ್ಚಿಯಿಂದ ಎದ್ದು ನಿಲ್ಲಲಾಗದು. ಆದ್ದರಿಂದ ಆ ಮಾತು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ನಿದ್ದೆ ಹೋದ ಮಗುವಿನ ತಾಯಿಯೂ ಅಂಗವಿಕಲ ಪ್ರಯಾಣಿಕರೂ ಒಂದೇ ಅಂಗೈಯಗಲದ ಜಾಗಕ್ಕೆ ಪರಸ್ಪರ ಎದುರಾಗಿ ನಿಲ್ಲುವಂತೆ ಬಸ್ಸನ್ನು ರೂಪಿಸಿದವರನ್ನು ಯಾರೂ ಕೇಳಲಿಲ್ಲವಲ್ಲ ಎಂಬ ಬೇಸರವೂ ಇದೆ.

ರಸ್ತೆ ದಾಟುವ ವಿಷಯದಲ್ಲಿಯೂ ಇದೇ ಕಥೆ. ಅಮೆರಿಕದ ಸಂಚಾರ ಕೈಪಿಡಿಯ 2009ರ ಆವೃತ್ತಿಯು ಪಾದಚಾರಿ ಸಿಗ್ನಲ್‌ನ ಅವಧಿಯನ್ನು ಲೆಕ್ಕ ಹಾಕಲು ನಡಿಗೆಯ ವೇಗವನ್ನು ಸೆಕೆಂಡಿಗೆ 3.5 ಅಡಿ ಎಂದು ಹಿಡಿಯುತ್ತದೆ. ದಾರಿಯಲ್ಲಿ ಬಿದ್ದ ಎಲೆಗೂ ನಿಲ್ಲುವ ಮಗುವಿಗೆ ಈ ವೇಗ ಎಲ್ಲಿಂದ ಬರಬೇಕು? ಹಾಗಾಗಿ ದೊಡ್ಡ ರಸ್ತೆ ದಾಟುವಾಗ ಮಗುವನ್ನು ಕಂಕುಳಿಗೆತ್ತಿಕೊಳ್ಳುವುದೇ ಸರಿ.

ಶೌಚಾಲಯದ ಮಾತನ್ನು ಸಂಕೋಚದಿಂದ ಬಿಡುವುದು ಬೇಡ. ಡಯಾಪರ್ ಬದಲಿಸುವ ಮೇಜು ಹೆಂಗಸರ ಶೌಚಾಲಯದಲ್ಲಿ ಮಾತ್ರ ಇರುವುದು ಇಂದಿಗೂ ಸಾಮಾನ್ಯ. ಮಗುವಿನೊಂದಿಗೆ ಒಬ್ಬರೇ ಹೊರಟ ತಂದೆ ಉದ್ಯಾನದ ಬೆಂಚನ್ನೋ ಕಾರಿನ ಡಿಕ್ಕಿಯನ್ನೋ ಹುಡುಕಬೇಕಾಗುತ್ತದೆ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಸಾರ್ವಜನಿಕ ಕಟ್ಟಡಗಳಲ್ಲಿ ಗಂಡಸರ ಶೌಚಾಲಯದಲ್ಲಿಯೂ ಈ ಸೌಲಭ್ಯ ಇರಬೇಕೆಂದು 2016ರಲ್ಲಿ ಕಾನೂನು ಮಾಡಬೇಕಾಯಿತು. ಇನ್ನೊಂದು ಸಂಗತಿ, ಬಿಸಿಗಾಳಿಯಿಂದ ಕೈ ಒಣಗಿಸುವ ಯಂತ್ರಗಳದ್ದು. ಕೆನಡಾದ ಶಾಲಾ ಬಾಲಕಿಯೊಬ್ಬಳು ಈ ಯಂತ್ರಗಳ ಸದ್ದನ್ನು ಮಕ್ಕಳ ಕಿವಿಯ ಎತ್ತರದಲ್ಲಿ ಅಳೆದು, ಕೆಲವು 100 ಡೆಸಿಬಲ್ ಮೀರುತ್ತವೆ ಎಂದು ತೋರಿಸಿದ ಅಧ್ಯಯನ 2019ರಲ್ಲಿ ಮಕ್ಕಳ ವೈದ್ಯಕೀಯ ನಿಯತಕಾಲಿಕೆಯಲ್ಲಿ ಪ್ರಕಟವಾಯಿತು. ಯಂತ್ರ ಮೊರೆದೊಡನೆ ಕಿವಿ ಮುಚ್ಚಿಕೊಂಡು ಚೀರುವ ಮಕ್ಕಳನ್ನು ಕಂಡವರಿಗೆ ಅದರಲ್ಲಿ ಆಶ್ಚರ್ಯವೇನೂ ಇರಲಾರದು.

ಗುಂಪಿನಲ್ಲಿ ಮಗು ಕೈತಪ್ಪುವ ಭಯ ಎಲ್ಲರಿಗೂ ಇರುತ್ತದೆ. ತನ್ನ ಹೆಸರನ್ನೇ ಸ್ಪಷ್ಟವಾಗಿ ಹೇಳಲಾರದ ವಯಸ್ಸದು. ಬೆಳಿಗ್ಗೆ ಹೊರಡುವ ಮೊದಲು ಆ ದಿನದ ಬಟ್ಟೆಯಲ್ಲೇ ಮಗುವಿನ ಒಂದು ಫೋಟೊ ತೆಗೆದಿಟ್ಟುಕೊಂಡರೆ, ಗಾಬರಿಯ ಹೊತ್ತಿನಲ್ಲಿ ಬಣ್ಣ ನೆನಪಿಸಿಕೊಳ್ಳುವ ಕಷ್ಟವಿರುವುದಿಲ್ಲ. ಫೋನ್ ಸಂಖ್ಯೆ ಬರೆದ ಪಟ್ಟಿಯೊಂದು ಮಗುವಿನ ಮಣಿಕಟ್ಟಿನಲ್ಲಿರಲಿ. ರೈಲಿನ ಬಾಗಿಲಲ್ಲಿ ಮಗು ದೊಡ್ಡವರೊಬ್ಬರ ತೋಳಿನಲ್ಲೇ ಇರಬೇಕು.

ಕೊನೆಯದಾಗಿ, ಆಡುವ ಜಾಗ. ಆಮ್‌ಸ್ಟರ್‌ಡ್ಯಾಮ್ ನಗರದ ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್ 1947ರಿಂದ ಮೂರು ದಶಕಗಳ ಕಾಲ, ಯುದ್ಧಾನಂತರ ಖಾಲಿ ಬಿದ್ದಿದ್ದ ನಿವೇಶನ, ರಸ್ತೆಯ ಮೂಲೆ, ಮನೆಗಳ ನಡುವಿನ ತುಂಡು ನೆಲ ಇಂಥಲ್ಲೆಲ್ಲ ಆಟದ ಜಾಗಗಳನ್ನು ರೂಪಿಸಿದರು. ಅವುಗಳ ಸಂಖ್ಯೆ 700ಕ್ಕೂ ಹೆಚ್ಚು. ಮರಳಿನ ಗುಂಡಿ, ಹಾರಿ ದಾಟುವ ಕಲ್ಲುಗಳು, ಬಾಗಿಸಿದ ಲೋಹದ ಕೊಳವೆಗಳು, ದೊಡ್ಡವರಿಗೆ ಕೂರಲು ಬೆಂಚು, ಹೆಚ್ಚಿನವುಗಳಲ್ಲಿ ಇಷ್ಟೇ. ದೂರದ ದೊಡ್ಡ ಉದ್ಯಾನವೊಂದಕ್ಕಿಂತ ನಡೆದು ಹೋಗುವಷ್ಟು ಹತ್ತಿರದ ಇಂಥ ಮೂಲೆಗಳು ಪರಊರಿನಿಂದ ಬಂದ ಮಗುವಿಗೂ ಉಪಕಾರಿ, ಅಲ್ಲಿಯೇ ಹುಟ್ಟಿ ಬೆಳೆಯುವ ಮಗುವಿಗೂ ಉಪಕಾರಿ.

ನಿಲ್ದಾಣಗಳನ್ನು ಅಗೆಯುವುದು ಪತ್ರಿಕೆಯ ಕೈಯಲ್ಲಿಲ್ಲ, ನಿಜ. ಆದರೆ ಪ್ರವಾಸ ಪುಟದಲ್ಲಿ ಒಂದು ಸ್ಥಳದ ಬಗ್ಗೆ ಬರೆಯುವಾಗ, ಅದು ತೆರೆಯುವ ವೇಳೆ ಮತ್ತು ಟಿಕೆಟ್ಟಿನ ದರದ ಪಕ್ಕದಲ್ಲಿಯೇ ಇನ್ನೂ ನಾಲ್ಕು ಸಂಗತಿ ತಿಳಿಸುವುದು ನಿಮ್ಮಿಂದ ಸಾಧ್ಯ: ಹತ್ತಿರದ ನಿಲ್ದಾಣದಿಂದ ಮೆಟ್ಟಿಲಿಲ್ಲದೆ ಹೋಗಬಹುದೇ, ಸ್ಟ್ರಾಲರನ್ನು ಒಳಗೆ ಬಿಡುತ್ತಾರೆಯೇ, ಮಗುವಿನ ಬಟ್ಟೆ ಬದಲಿಸಲು ಜಾಗ ಎಲ್ಲಿದೆ, ಅದನ್ನು ಕೆಳಗಿಳಿಸಿ ಓಡಾಡಲು ಬಿಡುವಂಥ ನೆಲ ಸಮೀಪದಲ್ಲಿದೆಯೇ. ಲೇಖಕರು ಹೇಗೂ ಸ್ಥಳಕ್ಕೆ ಹೋಗಿಯೇ ಬರೆಯುತ್ತಾರೆ. ಇಷ್ಟನ್ನು ವಿಚಾರಿಸಿಕೊಂಡು ಬರಲು ಅವರಿಗೆ ಹೆಚ್ಚು ಸಮಯ ಬೇಕಾಗಲಾರದು. ಮುಂದಿನ ರಜೆಯ ಸಂಚಿಕೆಯಿಂದಲೇ ಇದನ್ನು ಆರಂಭಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗ